ಬುತ್ತಿ ಹಂಚಗೊಂಡ್ವಿ, ಲೆಕ್ಕ ಹಂಚಗೊಳ್ಳಲಿಲ್ಲ

ನಾ ಹುನಗುಂದ ತಾಲೂಕಿನಾಂವ, ಅಮೆರಿಕಾದ ಮೇರಿಲ್ಯಾಂಡಿಗೆ ಬಂದು ಹದಿನಾಲ್ಕ ವರ್ಷಾತು. ಮೊನ್ನೆ ಅಣ್ಣ ಫೋನ್ ಮಾಡಿದ್ದ, ಅವನ ಮಗಳು ಬಾಗಲಕೋಟ್ಯಾಗ ಬಿಎಸ್ಸಿ ಫಸ್ಟ್ ಸೆಮ್. "ತಮ್ಮಾ, ಅಕಿ ಸೈನ್ಸ್ ಬ್ಯಾಡ, ಬಿಎಗೆ ಹೋಗತೀನಿ ಅನ್ನಾಕತ್ತಾಳ, ನೀನರ ಒಂದ್ ಮಾತ್ ಹೇಳು" ಅಂದ. ಅಕೀನ್ನ ಕೇಳಿದ್ರ "ಕಾಕಾ, ಎಲ್ಲಾರಿಗೂ ತಿಳಿತೈತಿ, ನನಗೊಬ್ಬಾಕಿಗೇ ತಿಳಿವಲ್ದು" ಅಂತ ಅಳಾಕ ಹತ್ತಿದ್ಲು.

ನನಗ ನನ್ನ ಬಿಎಸ್ಸಿ ನೆನಪಾತು. ಹತ್ತನೇತ್ತಾ ತನಕ ಕನ್ನಡದಾಗ ಆಮ್ಲ, ಪ್ರತ್ಯಾಮ್ಲ ಅಂತ ಕಲತು, ಪಿಯುಸಿಯೊಳಗ ಇಂಗ್ಲಿಷ್ ಗೈಡ್ ಬಾಯಿಪಾಠ ಮಾಡಿ ಹೆಂಗೋ ದಾಟಿದವ್ರು ನಾವು. ಬೋರ್ಡ್ ಮ್ಯಾಲ ಗಣಿತದ ಲಿಮಿಟ್‌ದ ಎಪ್ಸಿಲಾನ್ ಡೆಲ್ಟಾ ಬಂದ ದಿನ ಯಾರಿಗೂ ತಿಳಿದಿರಲಿಲ್ಲ, ಆದ್ರ ಎಲ್ಲಾರೂ ತಲಿ ಅಲ್ಲಾಡಿಸಿ ಬರಕೊಂಡ್ವಿ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಹಂಚಗೊಂಡು ತಿನ್ನಾವ್ರು, ತಿಳಿಲಾರದ್ದನ್ನ ಮಾತ್ರ ಒಬ್ರಿಗೊಬ್ರು ಹೇಳಲಿಲ್ಲ. ಫೇಲ್ ಆದವ್ರ ಹೆಸರು ನೋಟಿಸ್ ಬೋರ್ಡಿಗೆ ಹಚ್ಚಿ ರೆಮೆಡಿಯಲ್ ಕ್ಲಾಸ್, ಅಂದ್ರ ಹಿಂದ ಬಿದ್ದವ್ರಿಗೆ ಬ್ಯಾರೆ ಪಾಠ, ಐತಿ ಅಂದ್ರು, ನಾಚಿಕಿಗೆ ಯಾರೂ ಹೋಗಲಿಲ್ಲ, ನನ್ನ ಬೆಂಚಿನ ಗೆಳ್ಯಾ ಕಾಲೇಜs ಬಿಟ್ಟ. ಅಂವ ನನಗಿಂತ ಶಾಣ್ಯಾ ಇದ್ದ.

ಇಲ್ಲೆ ಅಮೆರಿಕಾದಾಗೂ ಹಿಂಗs ಇತ್ತು. 1970ರ ದಶಕದಾಗ ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯೊಳಗ ಯೂರಿ ಟ್ರೀಸ್ಮನ್ ಅನ್ನೋ ಗಣಿತದಾಂವ, ಆಫ್ರಿಕನ್ ಅಮೆರಿಕನ್ ಹುಡುಗ್ರು ಕ್ಯಾಲ್ಕುಲಸ್ ಅನ್ನೋ, ಆ ಲಿಮಿಟ್ ಬರೋ ಗಣಿತದಾಗ ಯಾಕ ಹಿಂದ ಬೀಳತಾರ ಅಂತ ಅವ್ರ ಬೆನ್ನಹತ್ತಿ ನೋಡಿದ. ಮಾಸ್ತರಗೋಳು ಈ ಹುಡುಗ್ರಿಗೆ ಮನಸ್ಸಿಲ್ಲ, ತಯಾರಿ ಇಲ್ಲ ಅಂತಿದ್ರು. ನೋಡಿದ್ರ ಅವ್ರು ರಗಡ ಓದತಿದ್ರು, ಆದ್ರ ಒಬ್ಬೊಬ್ರ. ಚೀನೀ ಮೂಲದ ಹುಡುಗ್ರು ಗುಂಪಾಗಿ ಕುಂತು ಒಬ್ರ ಲೆಕ್ಕ ಇನ್ನೊಬ್ರು ತಿದ್ದತಿದ್ರು. ಆಮ್ಯಾಲ ಅಂವ ಗುಂಪಿನ ವರ್ಕ್‌ಶಾಪ್ ಶುರು ಮಾಡಿದ, ಅದು ರೆಮೆಡಿಯಲ್ ಅಲ್ಲ, ಉಲ್ಟಾ ಕ್ಲಾಸಿಗಿಂತ ಬಿಗಿ ಲೆಕ್ಕ ಕೊಟ್ಟ. ನೀ ದಡ್ಡ ಬಾ ಅನ್ನೂದಕ್ಕೂ, ನೀ ಮಾಡತಿ ಬಾ ಅನ್ನೂದಕ್ಕೂ ಎಷ್ಟ ಫರಕ್ ಐತಿ ನೋಡ್ರಿ.

ನಮ್ಮ ಬಾಲ್ಟಿಮೋರ್ ಹತ್ರದ ಯುಎಂಬಿಸಿ ಅನ್ನೋ ಯೂನಿವರ್ಸಿಟಿಯೊಳಗ 1988ರಾಗ ಮೇಯರ್‌ಹಾಫ್ ಸ್ಕಾಲರ್ಸ್ ಅಂತ ಸೈನ್ಸ್ ಹುಡುಗ್ರ ಕಾರ್ಯಕ್ರಮ ಒಂದು ಚಾಲೂ ಆತು, ಅಲ್ಲೆ ಕಾಲೇಜ್ ಶುರುವಾಗೂಕಿಂತ ಮೊದಲs ಬ್ಯಾಸಗ್ಯಾಗ ಹುಡುಗ್ರನ್ನ ಒಂದ ಕಡೆ ಇಟ್ಟು ಕೂಡಿ ಓದೂದು ರೂಢಿ ಮಾಡಸ್ತಾರ. ಅದಕ್ಕ ರೊಕ್ಕ ಭಾಳ ಬೇಕು, ಒಪ್ಪತೀನಿ. ಟ್ರೀಸ್ಮನ್ ದಾರಿಗೆ ಒಂದು ಖೋಲಿ, ಒಂದು ಬೋರ್ಡ್, ಮ್ಯಾಲಿನ ವರ್ಷದಾಗ ಓದೋ ಒಬ್ಬ ಹುಡುಗ ಇದ್ರ ಸಾಕು.

ಆದ್ರ ನಮ್ಮಲ್ಲೆ ಬಸ್ಸಿಂದೊಂದ ತ್ರಾಸ ಐತಿ. ಹಳ್ಳಿ ಹುಡುಗ್ಯಾರು ಬಸ್ಸಿನ್ಯಾಗ ಬರತಾರ, ಸಂಜಿ ಬಸ್ ತಪ್ಪಿದ್ರ ಮನ್ಯಾಗ ಕಾಲೇಜs ಬಿಡಸ್ತಾರ, ಕ್ಲಾಸ್ ಮುಗದ ಮ್ಯಾಲ ಕುಂದ್ರಿ ಅಂದ್ರ ಆಗಂಗಿಲ್ಲ. ಟೈಮ್ ಟೇಬಲ್ ಒಳಗs, ಮಧ್ಯಾಹ್ನದೊಳಗ, ಒಂದು ತಾಸು ಹಿಂಗ ಕೂಡಿ ಲೆಕ್ಕ ಮಾಡಾಕಂತ ಇಡಬೇಕು, ಅದೂ ಮೊದಲನೇ ತಿಂಗಳಿಂದ, ಫೇಲ್ ಆದ ಮ್ಯಾಲ ಅಲ್ಲ.

ಅಣ್ಣನ ಮಗಳಿಗೆ, ನಿನ್ನ ಬಸ್ಸಿನ್ಯಾಗ ಬರೋ ಇಬ್ರನ್ನ ಮೊದಲ ಕೇಳವಾ, ಅವ್ರಿಗೂ ತಿಳಿದಿರಂಗಿಲ್ಲ ಅಂದೆ. ನಾಳೆ ಕೇಳತೀನಿ ಕಾಕಾ ಅಂದಾಳ.