ಸ್ಕೇಲಿನ ಡಬ್ಬಿ

ಒಂದೇ ಮಾತನ್ನು ಎಳೆದೆಳೆದು ಹೇಳುವವರಿಗೆ ನಮ್ಮಲ್ಲಿ ‘ಸಾಕು, ಪಿಟೀಲು ಕುಯ್ಬೇಡ’ ಅನ್ನುತ್ತಾರೆ. ಈ ಮಾತು ಹುಟ್ಟಿಸಿದವರ ಪಕ್ಕದ ಮನೆಯಲ್ಲಿ ಯಾರೋ ಪರೀಕ್ಷೆಗೆ ಸ್ಕೇಲ್, ಅಂದರೆ ಸ್ವರಗಳನ್ನು ಸಾಲಾಗಿ ಹತ್ತಿ ಇಳಿಯುವುದು, ಅಭ್ಯಾಸ ಮಾಡುತ್ತಿದ್ದಿರಬೇಕು ಅಂತ ನನ್ನ ಅನುಮಾನ. ಶಿವಮೊಗ್ಗದ ನಮ್ಮ ಬೀದಿಯಲ್ಲಿ ಹೋದ ವರ್ಷ ಹಾಗೆ ಕುಯ್ದವಳು ನಾನೇ. ವಯಸ್ಸು 46. ಕುಯ್ದದ್ದು ಮಾತ್ರ ಪಿಟೀಲಲ್ಲ, ಅದರ ಅಕ್ಕ ವಯೋಲಾ.

ಅದು ನನ್ನ ಕೈಗೆ ಬಂದದ್ದು ನಾನು ಆಸೆಪಟ್ಟಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಎರಡು ವರ್ಷ ಕಲಿತು, ಪಿಯುಸಿ ಬಂದದ್ದೇ ನೀಟ್ ಕೋಚಿಂಗ್ ಅಂತ ಬಿಟ್ಟಳು. ವಾದ್ಯ ಬೀರುವಿನ ಮೇಲೆ ಸೂಟ್‌ಕೇಸುಗಳ ಜೊತೆ ಮಲಗಿತ್ತು. ‘ಮಾರಿಬಿಡ್ತೀನಿ’ ಅಂದಳು ಅಕ್ಕ. ‘ಇಲ್ಲಿ ಕೊಡು, ನೋಡ್ತೀನಿ’ ಅಂದೆ. ಸುಮ್ನೆ ಅಂದದ್ದು. ಅವಳು ವಾದ್ಯವನ್ನೂ ಮಗಳ ಟೀಚರ್ ಫೋನ್ ನಂಬರನ್ನೂ ಒಟ್ಟಿಗೆ ಕಳಿಸಿಬಿಟ್ಟಳು.

ಅಲ್ಲಿಂದ ಶುರುವಾಯಿತು ವಿವರಣೆ ಕೊಡುವ ಕೆಲಸ. ಪಿಟೀಲಿಗೆ ಜಿ, ಡಿ, ಎ, ಇ ಅಂತ ನಾಲ್ಕು ತಂತಿ. ವಯೋಲಾದಲ್ಲಿ ಮೇಲಿನ ಇ ಇಲ್ಲ, ಅದರ ಬದಲು ಕೆಳಗೆ ಸಿ ಅಂತ ದಪ್ಪದೊಂದು ತಂತಿ. ಅಂದರೆ ಒಂದು ಪಂಚಮದಷ್ಟು, ‘ಸ’ದಿಂದ ‘ಪ’ದ ತನಕದಷ್ಟು, ತಗ್ಗು. ಲೆಕ್ಕದ ಪ್ರಕಾರ ಅಷ್ಟು ತಗ್ಗಿನ ದನಿಗೆ ಮೈಯೂ ಪಿಟೀಲಿನ ಒಂದೂವರೆಯಷ್ಟು, ಅಂದರೆ ಸುಮಾರು 21 ಇಂಚು ಇರಬೇಕು. ಅದನ್ನು ಗಲ್ಲದ ಕೆಳಗೆ ಹಿಡಿಯೋಕೆ ಭೀಮನೇ ಬರಬೇಕು. ಹಾಗಾಗಿ 15-16 ಇಂಚಿಗೆ ರಾಜಿ ಮಾಡಿಕೊಂಡಿದ್ದಾರೆ. ಆ ರಾಜಿಯಿಂದಲೇ ಅದಕ್ಕೆ ಸ್ವಲ್ಪ ಮೂಗು ಕಟ್ಟಿದ ದನಿ. ನೆಗಡಿಯಾದ ದೊಡ್ಡಮ್ಮ ಆರತಿ ಹಾಡು ಹೇಳಿದ ಹಾಗೆ. ನನಗೆ ಹಿಡಿಸಿದ್ದೂ ಅದೇ. ಬರೆಯುವ ಹಾಳೆಯಲ್ಲೂ ಅದಕ್ಕೆ ಬೇರೆ ಪದ್ಧತಿ. ಆಲ್ಟೊ ಕ್ಲೆಫ್ ಅನ್ನುತ್ತಾರೆ, ಐದು ಗೆರೆಗಳ ನಟ್ಟನಡುವಿನ ಗೆರೆಯೇ ಮಿಡ್ಲ್ ಸಿ, ಪಿಯಾನೋದ ನಡುವಿನ ಸಿ ಸ್ವರ.

ಇಷ್ಟೆಲ್ಲ ಹೇಳಿದ ಮೇಲೂ ಅಂಗಡಿಯವರು ಪಿಟೀಲಿನ ತಂತಿಯನ್ನೇ ಕೊಟ್ಟು ‘ಎಲ್ಲಾ ಒಂದೇ ಮೇಡಂ’ ಅಂದರು. ನನಗೇನೂ ಸಿಟ್ಟು ಬರಲಿಲ್ಲ. ನಮ್ಮೂರಿನದ್ದೂ ಇದೇ ಪಾಡು. ದಾವಣಗೆರೆಯವರಿಗೆ ಶಿವಮೊಗ್ಗ ಮಲೆನಾಡು, ತೀರ್ಥಹಳ್ಳಿಯವರಿಗೆ ಬಯಲುಸೀಮೆ.

ವಿವರಣೆ ಬೇಡವಾದದ್ದು ಅಮ್ಮನಿಗೊಬ್ಬಳಿಗೇ. ಅಮ್ಮ ಇರುವುದು ತೀರ್ಥಹಳ್ಳಿಯಿಂದಾಚೆ, ಅಣ್ಣನ ಜೊತೆ ತೋಟದ ಮನೆಯಲ್ಲಿ. ಮೊದಲ ಸಲ ಪೆಟ್ಟಿಗೆ ತೆರೆದಾಗ ‘ಎಂತದೇ ಮಾರಾಯ್ತಿ, ಬಲಿತ ಪಿಟೀಲಾ?’ ಅಂದಳು. ಹೆಸರು ಹೇಳಿದ ಮೇಲೆ, ‘ಓ, ಬಾಲಮುರಳಿ ನುಡಿಸ್ತಿದ್ರಲ್ಲ, ಅದಾ!’ ಹೌದಲ್ಲ. ಎಂ. ಬಾಲಮುರಳಿಕೃಷ್ಣ ಹಾಡುತ್ತಿದ್ದದ್ದಷ್ಟೇ ಅಲ್ಲ, ವಯೋಲಾ ಹಿಡಿದು ಕಛೇರಿಯನ್ನೂ ಮಾಡಿದವರು. ಅಮ್ಮ ಮದುವೆಗೆ ಮುಂಚೆ ವೀಣೆಯಲ್ಲಿ ಜೂನಿಯರ್ ಪಾಸು ಮಾಡಿದ್ದಳು. ಸೀನಿಯರ್‌ಗೆ ಕಟ್ಟುವಷ್ಟರಲ್ಲಿ ಅಪ್ಪನನ್ನು ಕಟ್ಟಿಕೊಂಡಾಗಿತ್ತು.

ಟೀಚರ್ ಪಾಠ ಮಾಡುವುದು ಬೆಂಗಳೂರಿನಿಂದ, ಫೋನಿನಲ್ಲಿ. ಒಂದು ದಿನ ಅವರು, ‘ಗುರಿ ಇಲ್ಲದಿದ್ರೆ ನೀವು ಬಿಟ್ಟುಬಿಡ್ತೀರಿ, ಗ್ರೇಡ್ ಪರೀಕ್ಷೆಗೆ ಕಟ್ಟಿ’ ಅಂದರು. ಲಂಡನ್ನಿನ ಎಬಿಆರ್‌ಎಸ್‌ಎಂ ಅನ್ನುವ ಸಂಗೀತ ಪರೀಕ್ಷೆಯ ಮಂಡಳಿ 1889ರಲ್ಲಿ ಹುಟ್ಟಿದ್ದು. ಅವರದ್ದು ಎಂಟು ಗ್ರೇಡು. ನಾನು ಯಾವ ಗ್ರೇಡು ಅಂತ ಕೇಳಬೇಡಿ, ಎಂಟರಲ್ಲಿ ಕೆಳಗಿನ ಅರ್ಧ. ಒಟ್ಟು 150 ಅಂಕ. ಮೂರು ಪೀಸಿಗೆ (ಹಾಳೆ ನೋಡಿ ನುಡಿಸುವ ಹಾಡು ಅನ್ನಿ) ತಲಾ 30, ಸ್ಕೇಲಿಗೆ 21, ನೋಡದ ಹಾಳೆಯನ್ನು ನೋಡಿದ ಕೂಡಲೇ ನುಡಿಸುವುದಕ್ಕೆ 21, ಕೇಳಿ ಹೇಳುವುದಕ್ಕೆ 18. ನೂರು ಬಂದರೆ ಪಾಸು, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್.

ಇನ್ನೊಂದು ದಾರಿಯೂ ಇದೆ. 2020ರಿಂದ ಅವರು ಪರ್ಫಾರ್ಮೆನ್ಸ್ ಗ್ರೇಡ್ ಅಂತ ಬೇರೆ ಪರೀಕ್ಷೆ ಶುರು ಮಾಡಿದ್ದಾರೆ. ನಾಲ್ಕು ಪೀಸ್ ನುಡಿಸಿ ವಿಡಿಯೋ ಕಳಿಸಿದರೆ ಮುಗಿಯಿತು. ಸ್ಕೇಲೇ ಇಲ್ಲ! ನಾನು ಕುಣಿದಾಡುತ್ತಾ ಅಮ್ಮನಿಗೆ ಹೇಳಿದೆ. ಅಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿ, ‘ಸರಳೆ ವರಸೆ ಇಲ್ಲದ್ದು ಎಂತ ಪರೀಕ್ಷೆಯೇ ಅದು? ಫೋಟೋ ಸ್ಟುಡಿಯೋಕ್ಕೆ ಹೋದಂಗೆ’ ಅಂದಳು. ಅಷ್ಟೇ ಅಂದದ್ದು. ಬೇಜಾರಾಗಿ ಹಳೆ ಪರೀಕ್ಷೆಗೇ ಕಟ್ಟಿದೆ.

ಸ್ಕೇಲ್ ಅಂದರೆ ಅಲ್ಲಿಯ ತನಕ ನನಗೆ ಗೊತ್ತಿದ್ದದ್ದು ಎರಡೇ. ಮೇಷ್ಟ್ರ ಕೈಯ ಮರದ ಸ್ಕೇಲು, ಸಂಬಳದ ಪೇ ಸ್ಕೇಲು. ಒಂದು ಬೆರಳಿಗೆ ಬೀಳುತ್ತಿತ್ತು, ಇನ್ನೊಂದನ್ನು ಬೆರಳು ಮಡಚಿ ಎಣಿಸಬೇಕಿತ್ತು. ಇದೂ ಬೆರಳಿನ ಕಷ್ಟವೇ. ಸಿ ಮೇಜರನ್ನೇ ತಗೊಳ್ಳಿ. ಕೆಳಗಿನ ದಪ್ಪ ತಂತಿಯಿಂದ ಎರಡು ಸ್ಥಾಯಿ ಹತ್ತಬೇಕು. ಕೆಳಗಿನ ಎರಡು ತಂತಿಗಳಲ್ಲಿ ಎರಡನೇ ಬೆರಳು ಮೂರನೆಯದಕ್ಕೆ ಅಂಟಿಕೊಂಡು ಕೂರಬೇಕು. ಮೇಲಿನ ಎರಡು ತಂತಿಗೆ ಹೋದ ಕೂಡಲೇ ಮೂರನೆಯದರ ಸಂಗ ಬಿಟ್ಟು ಮೊದಲನೆಯದಕ್ಕೆ ಅಂಟಿಕೊಳ್ಳಬೇಕು. ಚುನಾವಣೆ ಹೊತ್ತಿನ ನಮ್ಮ ಪುಢಾರಿಗಳು ಇದನ್ನು ಎಷ್ಟು ಸಲೀಸಾಗಿ ಮಾಡುತ್ತಾರೆ! ನನ್ನ ಬೆರಳಿಗೆ ಮೂರು ವಾರ ಬೇಕಾಯಿತು. ಅದರ ಮೇಲೆ, ಸಿ ತಂತಿ ಸುಲಭಕ್ಕೆ ಮಾತಾಡುವುದಿಲ್ಲ. ಕಮಾನು ಎಳೆದರೂ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ‘ಹೂಂ’ ಅನ್ನುತ್ತದೆ, ಮಧ್ಯಾಹ್ನ ನಿದ್ದೆಯಿಂದ ಎಬ್ಬಿಸಿದ ಮಾವನವರ ಹಾಗೆ. ತೋಳಿನ ಭಾರವನ್ನು ಅದರ ಮೇಲೆ ಬಿಟ್ಟು ನಿಧಾನ ಎಳೆಯಬೇಕು.

ಮೊದಮೊದಲು ನಾನು ಪೀಸುಗಳನ್ನೇ ನುಡಿಸುತ್ತಿದ್ದೆ. ಯಾರು ಬಂದರೂ ‘ಎಲ್ಲಿ, ಒಂದು ಹಾಡು ನುಡಿಸಿ’ ಅಂತಾರೆ. ‘ಎಲ್ಲಿ, ಒಂದು ಸ್ಕೇಲ್ ನುಡಿಸಿ’ ಅಂದವರು ಯಾರೂ ಇಲ್ಲ. ಸ್ಕೇಲು ಕೊನೆಯ ಐದು ನಿಮಿಷಕ್ಕೆ, ಕೈ ಸೋತ ಮೇಲೆ. ಈ ಲೆಕ್ಕ ತಲೆಕೆಳಗಾದದ್ದು ಮಳೆಗಾಲದಲ್ಲಿ.

ಆರಿದ್ರಾ ಮಳೆ ಹಿಡಿದಿತ್ತು. ಆಫೀಸಿಗೆ ನಾಲ್ಕು ದಿನ ರಜೆ ಹಾಕಿ, ಅಲ್ಲಾದರೂ ನೆಮ್ಮದಿಯಾಗಿ ಅಭ್ಯಾಸ ಮಾಡೋಣ ಅಂತ ತವರಿಗೆ ಹೋದೆ. ಮಲೆನಾಡಿನ ಮಳೆಗೂ ಮರದ ವಾದ್ಯಕ್ಕೂ ಆಗಿಬರುವುದಿಲ್ಲ ಅನ್ನುವುದು ಆಗಲೇ ಗೊತ್ತಾದದ್ದು. ಬಿರಡೆಗಳು ತಂಡಿಗೆ ಉಬ್ಬಿ ಕಚ್ಚಿಕೊಂಡು ತಿರುಗಲೊಲ್ಲವು. ಕಮಾನಿನ ಕುದುರೆ ಕೂದಲು ತೇವ ಕುಡಿದು ಉದ್ದವಾಗಿ, ತಿರುಪು ಎಷ್ಟು ಬಿಗಿದರೂ ಒಣಹಾಕಿದ ಪಂಚೆಯ ಹಾಗೆ ಜೋಲುತ್ತಿತ್ತು. ಪೆಟ್ಟಿಗೆಯ ಮಖಮಲ್ಲಿನ ಮೇಲೆ ಬೂಸ್ಟು. ಅತ್ತಿಗೆ ಅದನ್ನು ಬಚ್ಚಲ ಒಲೆಯ ಹತ್ತಿರ ಇಡೋಣ ಅಂದರು. ಅಲ್ಲಿ ಆಗಲೇ ಅಣ್ಣನ ಚಡ್ಡಿ, ಕಂಬಳಿ, ಹಲಸಿನ ಬೀಜ ಎಲ್ಲ ಒಣಗುತ್ತಿದ್ದವು. ಅಂಟು ಬಿಟ್ಟೀತು ಅಂತ ನಾನು ಬೇಡ ಅಂದೆ. ಕಡೆಗೆ ಅಡುಗೆಮನೆಯ ಒಳಗೋಡೆಗೆ, ಒಲೆಯಿಂದ ನಾಲ್ಕು ಮಾರು ದೂರದಲ್ಲಿ ಜಾಗ ಸಿಕ್ಕಿತು.

ಸಂಜೆ ಐದಕ್ಕೆ ಹೋದ ಕರೆಂಟು ಮೂರು ದಿನ ಬರಲಿಲ್ಲ. ಲಾಟೀನಿನ ಬೆಳಕಿನಲ್ಲಿ ಆಲ್ಟೊ ಕ್ಲೆಫ್ ಇರಲಿ, ಹಾಳೆಯೇ ಸರಿ ಕಾಣದು. ಪೀಸುಗಳು ಒಂದೂ ಬಾಯಿಪಾಠ ಇಲ್ಲ. ಬಾಯಿಪಾಠ ಇರಲೇಬೇಕಾದದ್ದು ಸ್ಕೇಲು ಮಾತ್ರ, ಪರೀಕ್ಷೆಯಲ್ಲಿ ಅದಕ್ಕೆ ಹಾಳೆ ನೋಡುವಂತಿಲ್ಲ. ಸರಿ, ಕತ್ತಲಲ್ಲಿ ಅದನ್ನೇ ಹಿಡಿದೆ. ಹೊರಗೆ ಹಂಚಿನ ಮೇಲೆ ಮಳೆ. ಕಣ್ಣಿಗೆ ಕೆಲಸವಿಲ್ಲದಾಗ ಕಿವಿ ಚುರುಕಾಗುತ್ತದೆ. ನನ್ನ ಮೂರನೇ ಬೆರಳು ಯಾವಾಗಲೂ ಒಂದು ಕೂದಲೆಳೆ ಕೆಳಗೆ ಬೀಳುತ್ತಿತ್ತು ಅನ್ನುವುದು ಅವತ್ತಿನ ತನಕ ನನಗೆ ಗೊತ್ತೇ ಇರಲಿಲ್ಲ.

ಅಮ್ಮನಿಗೆ ಗೊತ್ತಿತ್ತು. ಕತ್ತಲಿನಿಂದಲೇ, ‘ಶಂಕರಾಭರಣ ಅಲ್ಲನೇ ಇದು? ಮಧ್ಯಮ ಯಾಕೆ ಅಳ್ತಾ ಇದೆ?’ ಅಂದಳು. ಮೇಜರ್ ಸ್ಕೇಲು ಅಂದರೆ ನಮ್ಮ ಧೀರಶಂಕರಾಭರಣ ರಾಗ. ಹಾರ್ಮೋನಿಕ್ ಮೈನರ್ ಅಂದರೆ ಕೀರವಾಣಿ. ಟೀಚರ್ ಆರು ತಿಂಗಳಿನಿಂದ ಶಾರ್ಪು (ಸ್ವರ ಏರಿಸು) ಫ್ಲಾಟು (ಇಳಿಸು) ಅಂತ ಹೇಳಿಕೊಟ್ಟದ್ದು ಅಮ್ಮ ಹೆಸರಿಟ್ಟ ಕೂಡಲೇ ಪರಿಚಯದವರ ಮನೆಯ ಹಾಗಾಯಿತು. ಮೆಲೋಡಿಕ್ ಮೈನರ್ ಮಾತ್ರ ಅವಳಿಗೆ ಒಗ್ಗಲಿಲ್ಲ. ಅದು ಏರುವಾಗ ಗೌರಿಮನೋಹರಿ, ಇಳಿಯುವಾಗ ನಟಭೈರವಿ. ‘ಇದೆಂತ, ಹೋಗ್ತಾ ಒಂದು ಸೀರೆ ಬರ್ತಾ ಒಂದು ಸೀರೆ!’ ಅಂತ ನಕ್ಕಳು.

ಚೀಟಿ ಎತ್ತುವ ಉಪಾಯ ಟೀಚರದ್ದು. ಪರೀಕ್ಷೆಯಲ್ಲಿ ಯಾವ ಸ್ಕೇಲು ಯಾವಾಗ ಕೇಳುತ್ತಾರೋ ಗೊತ್ತಿರುವುದಿಲ್ಲ. ಹಾಗಾಗಿ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಡಬ್ಬಿಯಲ್ಲಿ ಹಾಕಿ, ಕೈಗೆ ಬಂದದ್ದನ್ನು ನುಡಿಸುವುದು. ಅಮ್ಮ ತನ್ನ ಹಳೆಯ ಎಲೆಯಡಿಕೆ ಡಬ್ಬಿ ಕೊಟ್ಟಳು. ಅವಳು ಓದಲಿ ಅಂತ ಕನ್ನಡದಲ್ಲೇ ಬರೆದೆ. ಮರುದಿನ ಮೊದಲ ಚೀಟಿ ಎತ್ತಿ, ಕನ್ನಡಕವನ್ನು ಲಾಟೀನಿಗೆ ಹಿಡಿದು ಓದಿದಳು.

‘ಈ ಫ್ಲಾಟು. ಯಾವ ಫ್ಲಾಟೇ?’

‘ಈ ಫ್ಲಾಟ್ ಅಮ್ಮ, ಈ.’

‘ಅದೇ ಕೇಳಿದ್ದು, ಯಾವುದು?’

ಅಣ್ಣ ಒಳಗಿನಿಂದ, ‘ಆ ಫ್ಲಾಟ್ ಆಗಲ್ವಂತಾ?’ ಅಂದ. ಆ ಮನೆಯಲ್ಲಿ ಇವತ್ತಿಗೂ ಅದರ ಹೆಸರು ‘ಯಾವ ಫ್ಲಾಟು’. ನನಗೂ ಅದು ಆಗದ ಸ್ಕೇಲೇ. ಜಿ ತಂತಿಯಲ್ಲಿ ಮೊದಲ ಬೆರಳು ತನ್ನ ಜಾಗ ಬಿಟ್ಟು ಹಿಂದಕ್ಕೆ, ಬಿರಡೆಯ ಕಡೆಗೆ ಜಾರಬೇಕು. ಮಣಿಕಟ್ಟೂ ಅದರ ಹಿಂದೆ ಹೋಗುತ್ತದೆ. ಆಮೇಲೆ ಉಳಿದ ಬೆರಳಿಗೆಲ್ಲ ವಿಳಾಸ ತಪ್ಪುತ್ತದೆ. ಆದರೂ ದಿನಾ ಅದೇ ಚೀಟಿ ಬರುತ್ತಿತ್ತು. ನಾಲ್ಕನೇ ದಿನ ಡಬ್ಬಿ ಸುರುವಿ ನೋಡಿದರೆ ‘ಈ ಫ್ಲಾಟ್’ ಐದು ಇದ್ದವು, ಅದರಲ್ಲಿ ನಾಲ್ಕು ಅಮ್ಮನ ಅಕ್ಷರ.

ಪೀಸುಗಳ ಕಷ್ಟ ಬೇರೆ ಥರದ್ದು. ಅವಕ್ಕೆ ಜೊತೆಗೆ ಪಿಯಾನೋ ಬೇಕು. ರೆಕಾರ್ಡ್ ಹಾಕಿ ನುಡಿಸುವಂತಿಲ್ಲ, ಮನುಷ್ಯರೇ ಬೇಕು. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಶಿವಮೊಗ್ಗದಲ್ಲಿ ನಾಲ್ಕು ಭಾನುವಾರ ಬಂದ. ಎರಡನೇ ಪೀಸಿನಲ್ಲಿ ನಾನು ಸುಮ್ಮನಿದ್ದು ಎಣಿಸಬೇಕಾದ ಜಾಗ ಒಂದಿದೆ. ಅಲ್ಲಿ ಅವನು ಎಷ್ಟು ಚೆಂದ ನುಡಿಸುತ್ತಿದ್ದ ಅಂದರೆ, ಎಣಿಕೆ ಬಿಟ್ಟು ಕೇಳುತ್ತಾ ನಿಂತುಬಿಡುತ್ತಿದ್ದೆ. ‘ಆಂಟಿ, ನಿಮ್ದು ಬಂತು’ ಅಂತ ಅವನೇ ಎಬ್ಬಿಸಬೇಕು.

ಪರೀಕ್ಷೆ ಬೆಂಗಳೂರಿನಲ್ಲಿ. ಬೆಳಗಿನ ಜನಶತಾಬ್ದಿಯಲ್ಲಿ ವಯೋಲಾವನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಅರಸೀಕೆರೆ ದಾಟುವ ತನಕ ತೊಡೆಯ ಮೇಲೆ ಬೆರಳಾಡಿಸುತ್ತಿದ್ದೆ. ಎದುರಿನವರು ನರದ ತೊಂದರೆ ಅಂದುಕೊಂಡಿರಬೇಕು, ಯಾವುದೋ ಎಣ್ಣೆಯ ಹೆಸರು ಹೇಳಿದರು. ಕಾಯುವ ಕೋಣೆಯಲ್ಲಿ ಎಲ್ಲ ಎಂಟು-ಒಂಬತ್ತು ವರ್ಷದ ಮಕ್ಕಳು. ಎರಡು ಜಡೆಯ ಹುಡುಗಿಯೊಬ್ಬಳು, ‘ಆಂಟಿ, ನಿಮ್ಮ ಮಗ ಒಳಗೆ ಹೋದ್ನಾ?’ ಅಂತ ಕೇಳಿದಳು. ಹೂಂ ಅಂದೆ.

ಒಳಗೆ ಪೀಸುಗಳು ಹೇಗೋ ಮುಗಿದವು. ಆಮೇಲೆ ಪರೀಕ್ಷಕರು ಮೆಲ್ಲಗೆ ‘ಈ ಫ್ಲಾಟ್ ಮೇಜರ್’ ಅಂದರು. ‘ಯಾವ ಫ್ಲಾಟು’ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನಗು ತಡೆಯಲು ಉಸಿರು ಬಿಟ್ಟೆ, ಹೆಗಲು ಇಳಿಯಿತು, ಮೊದಲ ಬೆರಳು ತಾನಾಗಿ ಹಿಂದಕ್ಕೆ ಜಾರಿತು. ಅಷ್ಟು ಶುದ್ಧವಾಗಿ ಅದನ್ನು ನಾನು ಮೊದಲೂ ನುಡಿಸಿಲ್ಲ, ಆಮೇಲೂ ನುಡಿಸಿಲ್ಲ. ಅದರ ಖುಷಿಯಲ್ಲೇ ಮುಂದಿನ ಮೆಲೋಡಿಕ್ ಮೈನರ್ ಹತ್ತಿದೆ, ಹತ್ತಿದ ಹಾಗೇ ಇಳಿದೂಬಿಟ್ಟೆ.

ಫಲಿತಾಂಶ ಬಂದಾಗ ತವರಿನಲ್ಲೇ ಇದ್ದೆ. ಒಟ್ಟು 111. ಅಮ್ಮ ಪೀಸಿನ ಅಂಕ ಕೇಳಲೇ ಇಲ್ಲ.

‘ಸ್ಕೇಲಿಗೆ?’

‘ಹದಿನೇಳು.’

‘ಇಪ್ಪತ್ತೊಂದು ಇತ್ತಲ್ಲ. ಎಲ್ಲಿ ಹೋಯ್ತು?’

‘ಇಳಿಯುವಾಗ ಸೀರೆ ಬದಲಾಯಿಸೋದು ಮರೆತೆ.’

ಅಮ್ಮ ಎದ್ದು ಹೋಗಿ ಡಬ್ಬಿ ತಂದಳು. ಅವತ್ತು ಕರೆಂಟು ಇತ್ತು. ದೀಪ ಆರಿಸಿ ಬಂದು ಕೂತಳು.