ತುರುಪು ಯಾವುದು?

ನಿನ್ನೆ ರಾತ್ರಿ ಅರವತ್ತು ಹುಣಸೆ ಬೀಜ ಕಳೆದುಕೊಂಡೆ. ಹೊಟ್ಟೆ ಇನ್ನೂ ಉರಿಯುತ್ತಿದೆ.

ಅಕ್ಕನ ಮನೆಯಲ್ಲಿ ಊಟ ಮುಗಿದ ಮೇಲೆ ಇಸ್ಪೀಟು ಹೊರಗೆ ಬಂತು. ರಮ್ಮಿ ತಾನೇ ಅಂದುಕೊಂಡೆ. ಅಕ್ಕನ ಮಗ ಬಿಡಬೇಕಲ್ಲ! "ಪೋಕರ್ ಆಡೋಣ ಮಾವ, ಸುಲಭ" ಅಂದ.

ಒಬ್ಬೊಬ್ಬರ ಕೈಗೆ ಎರಡೆರಡು ಎಲೆ. ನಡುವೆ ಐದು ಎಲೆ, ಅವು ಎಲ್ಲರಿಗೂ ಸೇರಿದ್ದು. ಮೊದಲು ಮೂರು ಬಿಚ್ಚುತ್ತಾರೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ನಡುನಡುವೆ ಬೀಜ ಕಟ್ಟಬೇಕು, ಧೈರ್ಯ ಇಲ್ಲದಿದ್ದರೆ ಎಲೆ ಮಡಚಿ ಕೂರಬೇಕು.

"ತುರುಪು ಯಾವುದು?" ಅಂದರು ಭಾವ.

"ಇದರಲ್ಲಿ ತುರುಪು ಇಲ್ಲಪ್ಪಾ."

ಭಾವ ತಲೆಯಾಡಿಸಿದರು. ಮೂರು ಎಲೆ ಬಿಚ್ಚಿದ ಕೂಡಲೇ "ಸರಿ, ತುರುಪು?" ಅಂದರು. ನಾಲ್ಕನೆಯದಕ್ಕೂ ಕೇಳಿದರು. ಎರಡನೇ ಆಟದಲ್ಲಿ ನೀರು ಕುಡಿಯಲು ಎದ್ದು ಹೋದವರು ಅಡುಗೆಮನೆಯಿಂದಲೇ ಕೂಗಿ ಕೇಳಿದರು. ಹುಡುಗ ಉತ್ತರ ಕೊಡುವುದನ್ನೇ ಬಿಟ್ಟ.

ಮೂರನೇ ಆಟದಲ್ಲಿ ನನ್ನ ಕೈಗೆ ಎಂಟು, ಒಂಬತ್ತು. ನಡುವೆ ಏಳು, ಹತ್ತು, ಗುಲಾಮ. ಸೀಕ್ವೆನ್ಸ್! ನನಗೇ ತಿಳಿಯದಂತೆ ಸಣ್ಣಗೆ ಕೆಮ್ಮಿದೆ. ಅಪ್ಪನೂ ಹೀಗೇ. ಹೊಸತೊಡಕಿನ ದಿನ ಜಗಲಿಯಲ್ಲಿ ಮೂರೆಲೆ ಆಡುವಾಗ ಒಳ್ಳೆ ಎಲೆ ಬಂದರೆ ಅವರಿಗೆ ಕೆಮ್ಮು. ಊರಿಗೆಲ್ಲ ಅದು ಗೊತ್ತು, ತಕ್ಷಣ ಎಲ್ಲರೂ ಎಲೆ ಎಸೆದು ಬೀಡಿ ಹಚ್ಚುತ್ತಿದ್ದರು. ಪಾಪ, ಒಳ್ಳೆ ಎಲೆಯಿಂದ ಅಪ್ಪ ನಾಲ್ಕಾಣೆ ಜಾಸ್ತಿ ಗೆದ್ದಿದ್ದನ್ನು ನಾನು ನೋಡಲಿಲ್ಲ.

ಇಲ್ಲೂ ಅಕ್ಕ ಎಲೆ ಮಡಚಿದಳು, ಹುಡುಗನೂ ಮಡಚಿದ. ಕೆಮ್ಮಿನ ಅರ್ಥ ಗೊತ್ತಿಲ್ಲದವರು ಭಾವ ಒಬ್ಬರೇ. ಇದ್ದ ಬೀಜವನ್ನೆಲ್ಲ ಮುಂದೆ ತಳ್ಳಿದೆ. ಅವರೂ ತಳ್ಳಿದರು. ಕೊನೆಯ ಎಲೆ ಕಳಾವರ್ ಎರಡು. ಭಾವ ಕೈ ಬಿಚ್ಚಿದರು: ಕಳಾವರ್ ರಾಜ, ಕಳಾವರ್ ನಾಲ್ಕು. ನಡುವಿನ ಹತ್ತು, ಗುಲಾಮ ಕೂಡ ಕಳಾವರ್. ಐದೂ ಒಂದೇ ಕಲರ್.

"ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು" ಅಂತ ಬೀಜಕ್ಕೆ ಕೈ ಹಾಕಿದೆ.

"ಅದು ಮೂರೆಲೆಯಲ್ಲಿ ಮಾವ. ಇಲ್ಲಿ ಉಲ್ಟಾ" ಅಂದ ಹುಡುಗ, ಮೊಬೈಲ್ ತೋರಿಸಿದ. ಐದೆಲೆಯಲ್ಲಿ ಸೀಕ್ವೆನ್ಸ್ 10,200 ಥರ ಬರಬಹುದಂತೆ, ಕಲರ್ ಬರೀ 5,108. ಅಪರೂಪದ್ದೇ ದೊಡ್ಡದು. ಮೂರೆಲೆಯಲ್ಲಿ ಸೀಕ್ವೆನ್ಸೇ ಅಪರೂಪ. ಇದನ್ನು ಬೀಜ ತಳ್ಳುವ ಮೊದಲು ಹೇಳಬಾರದಿತ್ತೇ?

"ನೀವು ಯಾವ ಧೈರ್ಯದ ಮೇಲೆ ಆಡಿದಿರಿ ಭಾವ?"

"ನೀವ್ಯಾರೂ ಹೇಳಲಿಲ್ಲವಲ್ಲ, ನಾನೇ ಕಳಾವರ್ ತುರುಪು ಅಂತ ಇಟ್ಟುಕೊಂಡೆ" ಅಂದರು, ನನ್ನ ಬೀಜಗಳನ್ನು ಪಂಚೆಗೆ ಗುಡಿಸಿಕೊಳ್ಳುತ್ತಾ.