ಸತ್ಯಾಂಶ: 18ನೇ ಶತಮಾನದ ಬ್ಯಾಲೆಯಲ್ಲಿ ಟುಟು ಇರಲಿಲ್ಲ

ಬಿಳಿ ಟುಟು, ಅಂದರೆ ಸೊಂಟದ ಸುತ್ತ ಚಾಚಿ ನಿಲ್ಲುವ ಗಿಡ್ಡ ಲಂಗ, ತೊಟ್ಟು ತುದಿಗಾಲಲ್ಲಿ ನಿಂತ ನರ್ತಕಿಯ ಚಿತ್ರದೊಂದಿಗೆ ‘18ನೇ ಶತಮಾನದ ಫ್ರೆಂಚ್ ಬ್ಯಾಲೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಚಿತ್ರ ಚೆನ್ನಾಗಿದೆ, ಕಾಲ ಮಾತ್ರ ತಪ್ಪು.

ಆ ಶತಮಾನದ ಬಹುಪಾಲು ನರ್ತಕಿಯರು ತೊಡುತ್ತಿದ್ದದ್ದು ಆಸ್ಥಾನದ ಉಡುಪನ್ನೇ: ಬಿಗಿದ ರವಿಕೆ, ಸೊಂಟದ ಇಕ್ಕೆಲಗಳಲ್ಲಿ ಉಬ್ಬಿ ನಿಲ್ಲುವ ಚೌಕಟ್ಟಿನ ಮೇಲೆ ಭಾರವಾದ ಲಂಗ, ಹಿಮ್ಮಡಿಯ ಪಾದರಕ್ಷೆ. ಮುಖವಾಡವೂ ಸಾಮಾನ್ಯವಾಗಿತ್ತು. ತಮಾಷೆಯೆಂದರೆ, ಟುಟುವನ್ನು ನೆನಪಿಸುವ ಗಟ್ಟಿಯಾದ ಕಿರುಲಂಗವನ್ನು ಆಗ ತೊಡುತ್ತಿದ್ದವರು ಗಂಡಸರು! ಅದರ ಹೆಸರು ತೊನ್ನಲೆ.

ಈ ಭಾರದ ಉಡುಪನ್ನು ಪ್ರಶ್ನಿಸಿದವರೂ ಇದ್ದರು. ನರ್ತಕಿ ಮರೀ ಕಮಾರ್ಗೊ ತನ್ನ ಚುರುಕಾದ ಹೆಜ್ಜೆಗಳು ಕಾಣಲೆಂದು ಲಂಗವನ್ನು ತುಸು ಮೇಲೇರಿಸಿದಳು. ಇನ್ನೊಬ್ಬ ನರ್ತಕಿ ಮರೀ ಸಾಲೆ ಇನ್ನೂ ದಿಟ್ಟೆ. 1734ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ‘ಪಿಗ್ಮೇಲಿಯನ್’ ಬ್ಯಾಲೆ ಆಡಿದಾಗ ಚೌಕಟ್ಟನ್ನು ಕಳಚಿ, ಕೂದಲನ್ನು ಇಳಿಬಿಟ್ಟು, ಗ್ರೀಕ್ ಶಿಲ್ಪದ ಮಾದರಿಯಲ್ಲಿ ತೆಳು ಮಸ್ಲಿನ್ ಹೊದ್ದು ಬಂದಳು. 1760ರಲ್ಲಿ ಫ್ರೆಂಚ್ ನೃತ್ಯ ಸಂಯೋಜಕ ನೊವೆರ್, ನೃತ್ಯದ ಕುರಿತ ತನ್ನ ಪತ್ರಗಳಲ್ಲಿ ಮುಖವಾಡವನ್ನೂ ತೊನ್ನಲೆಯನ್ನೂ ಖಂಡಿಸಿದ.

ತುದಿಗಾಲಿನ ನೃತ್ಯಕ್ಕೆ ಹೆಸರು ತಂದದ್ದು 1832ರ ಪ್ಯಾರಿಸ್‌ನಲ್ಲಿ ‘ಲಾ ಸಿಲ್ಫೀದ್’ ಬ್ಯಾಲೆ ಕುಣಿದ ಮರೀ ತಾಲ್ಯೋನಿ. ಅವಳ ಬಿಳಿ ಲಂಗವೂ ಮೊಣಕಾಲಿನ ಕೆಳಗಿತ್ತು. ಚಿತ್ರದಲ್ಲಿರುವ ಗಿಡ್ಡ ಟುಟು ಬಂದದ್ದು 19ನೇ ಶತಮಾನದ ಕೊನೆಯ ದಶಕಗಳಲ್ಲಿ.